ದಿನಕ್ಕೊಂದು ಹಿಡಿ ಮೆಂತೆ

“ಈ ಒಂದೂವರೆ ತಿಂಗಳದಾಗ ಊಟದಾಗ ಏನ್ ಬದಲ್ ಮಾಡೀರಿ?” ರಿಪೋರ್ಟು ನೋಡಿ ಡಾಕ್ಟರ್ ಮೇಡಂ ಕೇಳಿದರು.

“ಮೆಂತೆಪಲ್ಯ ತಿಂದೇನ್ರಿ,” ಎಂದೆ. ಕಾರಣ ಮಹಾದೇವ ಎಂದು ಹೇಳಲಿಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ಹೃದಯದ ವಾಲ್ವ್ ಬದಲಿಸಿದರು. ಅಂದಿನಿಂದ ಸಂಜೆ ಏಳಕ್ಕೆ ರಕ್ತ ತೆಳುಮಾಡುವ ಗುಳಿಗೆ. ಜೋರಾಪುರ ಪೇಟೆಯಲ್ಲಿ ಬ್ಲೌಸ್ ಹೊಲಿಯುವ ನನಗೆ ಸೂಜಿ ಚುಚ್ಚಿದರೂ ರಕ್ತ ಬೇಗ ನಿಲ್ಲದು. ಬಾಗಿಲು ತಾಗಿದರೆ ಮೊಣಕೈ ವಾರಗಟ್ಟಲೆ ನೀಲಿ. ತಿಂಗಳ ನಾಲ್ಕು ದಿನ ಏಳಾಗುತ್ತವೆ. ಬಳೆಗಾರ್ತಿ ಬಾನುಬಿಗೂ, “ಒತ್ತಬ್ಯಾಡ್ರಿ, ದೊಡ್ಡ ಅಳತಿದು ಕೊಡ್ರಿ,” ಎಂದು ಹೇಳಬೇಕು.

ಮಹಾದೇವ ಜೈನಾಪುರದವನು. ಬೈಕಿನಲ್ಲಿ ಪೇಟೆಗೆ ಸೊಪ್ಪು ತರುತ್ತಾನೆ. ಅವ್ವನ ಬ್ಲೌಸ್ ಕೊಡಲು ಬಂದವನು ಮೆಷಿನ್ನಿನ ಮೇಲೆ ನಾರಿನಿಂದ ಕಟ್ಟಿದ ಒಂದು ಸೂಡು ಮೆಂತೆ ಇಟ್ಟ. “ನಮ್ಮ ಹೊಲದ್ದು. ರುಚಿ ನೋಡ್ರಿ.”

ಬ್ಲೌಸ್ ಒಯ್ದ ಮೇಲೂ ಸೂಡು ಬರುತ್ತಲೇ ಇತ್ತು. ಬಂದಾಗಲೆಲ್ಲ ದಾರದ ಉಂಡೆಗಳನ್ನು ನೋಡುತ್ತ ನಿಲ್ಲುತ್ತಿದ್ದ. ಕಣ್ಣಿಗೆ ಕಣ್ಣು ಸಿಕ್ಕರೆ, “ಫ್ಯಾನ್ ಭಾಳ ಸಪ್ಪಳ ಮಾಡ್ತದಲ್ರಿ,” ಎನ್ನುತ್ತಿದ್ದ. ಫ್ಯಾನು ಕೆಟ್ಟು ಎರಡು ತಿಂಗಳಾಗಿತ್ತು!

ಸೊಪ್ಪು ದಿನವೂ ಒಂದೇ ಅಳತೆಯಲ್ಲಿ ತಿನ್ನಬೇಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ರೊಟ್ಟಿಯ ಜೊತೆ ಎಲೆಯೊಂದನ್ನೂ ಬಿಡದೆ ತಿಂದೆ. ಅವನು ತಂದದ್ದನ್ನು ಬೇರೆಯವರಿಗೆ ಕೊಡಲು ಮನಸ್ಸೇ ಬರಲಿಲ್ಲ.

“ಸೊಪ್ಪು ಹೆಚ್ಚಾದ್ರ ಗುಳಿಗಿ ಸೋಲ್ತದ. ವಾಲ್ವಿನಾಗ ರಕ್ತ ಹೆಪ್ಪುಗಟ್ಟಿದ್ರ ಜೀವಕ್ಕ ಅಪಾಯ,” ಎಂದು ಮೇಡಂ ಗದರಿದರು. ಗುಳಿಗೆಯ ಲೆಕ್ಕ ಬದಲಿಸಿ, ವಾರಕ್ಕೆ ಮತ್ತೆ ಬರಲು ಹೇಳಿದರು.

ಮರುದಿನ ಅವನು ತಂದ ಸೂಡನ್ನು ಹಿಂದಕ್ಕೆ ಸರಿಸಿದೆ. “ಇನ್ನ ತರಬ್ಯಾಡ್ರಿ.”

ಅವನ ಮುಖ ಬಾಡಿತು. ಕಣ್ಣು ನನ್ನ ಮೊಣಕೈಯ ನೀಲಿಯ ಮೇಲೆ ನಿಂತಿತು. “ಯಾರ್ ಹೊಡದಾರ್ರಿ ನಿಮಗ?”

“ಬಾಗಲಾ ಹೊಡದೈತಿ,” ಎಂದು ನಕ್ಕೆ. ಆಮೇಲೆ ವಾಲ್ವ್, ಗುಳಿಗೆ ಎಲ್ಲ ಹೇಳಿದೆ. “ಜನ್ಮಕ್ಕ ಬಿಡೂ ಗುಳಿಗಿ ಅಲ್ಲ ಇದು. ಬಸರಾದ್ರ ಕೂಸಿಗೆ ಅಪಾಯ, ನನಗೂ ಅಪಾಯ. ಮನಸ್ಸಿನಾಗ ಏನರ ಇದ್ರ ಈಗ ತಗದ್ ಹಾಕ್ರಿ.”

ಅವನು ಸೂಡು ಎತ್ತಿಕೊಂಡು ಹೋದ. ನಾಲ್ಕು ದಿನ ಬರಲಿಲ್ಲ. ಹೋದದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಆ ದಿನಗಳಲ್ಲಿ ಹೊಲಿದ ತೋಳುಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಐದನೆಯ ಸಂಜೆ ಅವನು ಬಂದ. ಕೈಯಲ್ಲಿ ಪುಟ್ಟದೊಂದು ಕಟ್ಟು.

“ತಿಕೋಟಾದ ನಮ್ಮ ಅತ್ತಿ ನರ್ಸ್ ಅದಾಳ್ರಿ. ಕೇಳಿ ಬಂದೇನಿ. ಸೊಪ್ಪು ದಿನಾ ಒಂದೇ ಅಳತಿ, ಒಂದು ಹಿಡಿ ಇರಬೇಕಂತ. ಹಿಡಿ ಅಂದ್ರ ಯಾರ ಹಿಡಿ ಹಿಡೀಬೇಕ್ರಿ? ನಂದು ದೊಡ್ಡದು.” ಅಂಗೈ ಚಾಚಿದ.

ನಾನು ನಗಲಿಲ್ಲ. “ಕೂಸಿನ ಮಾತು?”

ಈ ಸಲ ಅವನು ದಾರದ ಉಂಡೆ ನೋಡಲಿಲ್ಲ, ನನ್ನನ್ನೇ ನೋಡಿದ. “ಅದನ್ನ ಮುಂದ ಇಬ್ಬರೂ ಕೂಡಿ ಡಾಕ್ಟರ್‌ನ ಕೇಳೂಣ. ಬ್ಯಾಡಂದ್ರ ಬ್ಯಾಡ. ನಾ ಕೇಳಾಕ ಬಂದದ್ದು ಕೂಸನ್ನಲ್ಲ, ನಿಮ್ಮನ್ನ.”

ಏಳರ ಅಲಾರಾಂ ಹೊಡೆಯಿತು. ಚೀಲದಲ್ಲಿ ಗುಳಿಗೆ ಹುಡುಕಿ ತೆಗೆದೆ. ಅವನೇ ತಂಬಿಗೆಯಿಂದ ನೀರು ಬಗ್ಗಿಸಿ ಕೊಟ್ಟ, ನಾನು ನುಂಗುವ ತನಕ ಕಾದ.

“ದಿನಾ ಒಂದು ಹಿಡಿ ಸಲುವಾಗಿ ಜೈನಾಪುರದಿಂದ ಇಲ್ಲಿ ತನಕ ಬರ್ತೀರೇನು?” ಎಂದೆ.

“ಬರ್ತೇನಿ.”

“ಬ್ಯಾಡ ಬಿಡ್ರಿ. ಹೊಲದ ಕಡೆ ನಾನೇ ಬರ್ತೇನಿ. ನಿಮ್ಮ ಮನ್ಯಾಗ ನನ್ನ ಮೆಷಿನ್ ಇಡಾಕ ಕಿಟಕಿ ಬಾಜೂಕ ಒಂದು ಜಾಗಾ ನೋಡಿಡ್ರಿ.”