ಮಡಿಲಕ್ಕಿಯ ಗಂಜಿ

ಸೊಸೆಯ ಉಬ್ಬಿದ ಹೊಟ್ಟೆ ಕಂಡು ದಾಕ್ಷಾಯಣಮ್ಮ ಬಸುರಿ ಎಂದು ತಪ್ಪು ತಿಳಿದರು. ಶಿವರಂಜನಿಯನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಬೆಲ್ಲ, ತೆಂಗಿನಕಾಯಿ ಇಟ್ಟು ಮಡಿಲು ತುಂಬಿದರು.

"ನೀನು ಬಾಯ್ಬಿಟ್ಟು ಯೋಳ್ದಿದ್ರೂ ನಂಗೆ ಗೊತ್ತಾಯ್ತದೆ ಕಣವ್ವ."

ಬಾಗಿಲಿಗೊರಗಿ ನಿಂತ ಗಂಡ ಗೌರೀಶ ಹುಬ್ಬು ಹಾರಿಸಿ ನಕ್ಕ. ಆ ನೋಟವನ್ನು ಅವಳಿಂದ ಎದುರಿಸಲಾಗಲಿಲ್ಲ.

ಮಧ್ಯಾಹ್ನ ಅವಳೇ ಟ್ರಂಕಿನ ಸೀರೆಗಳ ಮಡಿಕೆಯಿಂದ ಸ್ಕ್ಯಾನ್ ಫೈಲ್ ತೆಗೆದು ಅವನ ಕೈಗಿಟ್ಟಳು. "ಮಗು ಅಲ್ಲ ರೀ. ಗಡ್ಡೆ. ಒಂದು ತೆಂಗಿನಕಾಯಿಯಷ್ಟಿದೆ. ಗರ್ಭಕೋಶಾನೇ ತೆಗೀಬೇಕಂತೆ."

ಅವನು ಫೈಲನ್ನು ಎರಡು ಸಲ ಓದಿದ. "ಎಷ್ಟು ದಿನದಿಂದ ಒಬ್ಳೇ ಒತ್ಕೊಂಡಿದ್ದೆ ಇದನ್ನ?"

"ಹದಿನೆಂಟು ದಿನ."

"ನಾಳೆ ಆಸನಕ್ಕೆ ಓಗಾಣ. ಇನ್ನೊಬ್ರು ಡಾಕ್ಟ್ರುನ್ನ ಕೇಳಾಣ."

ಹಾಸನದ ಡಾಕ್ಟರ್ ಯಶೋಧರಾ ನಿಧಾನವಾಗಿ ಹೇಳಿದರು. "ಗಡ್ಡೆ ದೊಡ್ಡದು ಅಂದ ಮಾತ್ರಕ್ಕೆ ಗರ್ಭಕೋಶ ತೆಗೀಲೇಬೇಕು ಅಂತಿಲ್ಲಮ್ಮ. ರಕ್ತನಾಳ ಮುಚ್ಚಿ ಗಡ್ಡೆ ಕುಗ್ಗಿಸೋ ದಾರಿ ಇದೆ. ಆದರೆ ನಿಮಗೆ ಮಗು ಬೇಕಲ್ಲ, ಗಡ್ಡೆ ಮಾತ್ರ ತೆಗೆದು ಹೊಲಿಯೋದು ವಾಸಿ. ಮುಂದೆ ಮತ್ತೆ ಬೆಳೀಬಹುದು, ಅದನ್ನ ಮುಚ್ಚಿಡಲ್ಲ. ಆಪರೇಷನ್‌ನಲ್ಲಿ ರಕ್ತ ನಿಲ್ಲದೇ ಹೋದರೆ, ಪ್ರಾಣ ಉಳಿಸೋಕೆ ಗರ್ಭಕೋಶ ತೆಗೀಬೇಕಾಗುತ್ತೆ. ಅದಕ್ಕೂ ನಿಮ್ಮ ಸಹಿ ಬೇಕು."

ಅಡ್ಮಿಟ್ ಆದ ದಿನ, ಒಪ್ಪಿಗೆ ಪತ್ರದಲ್ಲಿ ಗರ್ಭಕೋಶ ತೆಗೆಯುವ ಆ ಸಾಲಿನ ಮೇಲೆ ಅವಳ ಪೆನ್ನು ನಿಂತಿತು.

"ಇದಕ್ಕೆ ಬೇಡ ಅಂತ ಬರೀಲಾ ರೀ?"

ಗೌರೀಶ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ. "ಮೈ ನಿಂದು, ಸಹಿ ನಿಂದು. ಕೇಳಿದ್ದೀಯ, ಅದಕ್ಕೆ ಯೋಳ್ತೀನಿ. ನಂಗೆ ನೀನು ಮನೆಗೆ ವಾಪಸ್ ಬರ್ಬೇಕು. ಮಿಕ್ಕಿದ್ದು ಬಂದ್ರೆ ಬರ್ಲಿ."

ಮದುವೆಯಾದ ಮೂರು ವರ್ಷದಲ್ಲಿ ಅವನು ಇಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ. ಅವಳು ಸಹಿ ಹಾಕಿದಳು.

ನಾಲ್ಕು ಗಂಟೆಯ ಆಪರೇಷನ್. ದೊಡ್ಡದರ ಜೊತೆ ಎರಡು ಸಣ್ಣವೂ ಸೇರಿ ಮೂರು ಗಡ್ಡೆ ಹೊರಬಂದವು, ಗರ್ಭಕೋಶ ಉಳಿಯಿತು.

ಮೂರನೆಯ ದಿನ ಅವನು ಡಬ್ಬಿಯಲ್ಲಿ ಗಂಜಿ ತಂದ. ಪರಿಮಳಕ್ಕೆ ಅವಳಿಗೆ ಅಕ್ಕಿಯ ಗುರುತು ಹತ್ತಿತು. "ನಾನು ಟ್ರಂಕಿನಲ್ಲಿ ಗಂಟು ಕಟ್ಟಿಟ್ಟಿದ್ದ ಮಡಿಲಕ್ಕಿ ಅಲ್ವಾ ಇದು? ಅತ್ತೆಗೆ ಗೊತ್ತಾಯ್ತಾ?"

"ನೀನು ಅಡ್ಮಿಟ್ ಆದ ದಿನಾನೇ ಎಲ್ಲ ಯೋಳ್ದೆ. ಅವ್ವ ಇವತ್ತು ಬೆಳಿಗ್ಗೆ ಗಂಟು ಬಿಚ್ಚಿ ಒಲೆ ಅಚ್ಚಿದ್ಲು. 'ನಾನು ತುಂಬಿದ್ದು ನನ್ನ ಸೊಸೆ ಮಡ್ಲು, ಅವಳೇ ಉಣ್ಲಿ' ಅಂದ್ಲು."

ಅವನು ಊದಿ ಆರಿಸಿ ಒಂದು ಚಮಚ ಕುಡಿಸಿದ. ಅವಳ ಕಣ್ಣು ತುಂಬಿತ್ತು.

"ಸಪ್ಪೆ."

"ಉಪ್ಪು ಆಕಿದ್ದು ನಾನು ಕಣೆ."

ಅವಳು ಎರಡನೆಯ ಚಮಚಕ್ಕೆ ಬಾಯಿ ತೆರೆದಳು.