ರಸಗುಲ್ಲಾ ಡಬ್ಬಿಯ ಮುಚ್ಚಳ

ಕಲ್ಕತ್ತೆಯ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಸಾಮಾನ್ಯವಾಗಿ ಬರುವುದು ಎರಡೇ ವಿಚಾರ: ಊರಿಂದ ಯಾರು ಬರುತ್ತಿದ್ದಾರೆ, ಅವರ ಕೈಲಿ ಸಾರಿನ ಪುಡಿ ತರಿಸಬಹುದೇ. ಅದರ ನಡುವೆ ಒಂದು ದಿನ ಗೌರಿಯ ಮೆಸೇಜು ಬಂತು: 'ಯಾರ ಮನ್ಯಾಗರ ಹಳೇ ರೆಕಾರ್ಡ್ ಪ್ಲೇಯರ್ ಐತೇನ್ರಿ? ಓಡಬೇಕು ಮತ್ತ. ಶೋಕೇಸಿನ್ಯಾಗ ಇಟ್ಟಿದ್ದು ಬ್ಯಾಡ.'

ಅದೇ ಗ್ರೂಪಿನಲ್ಲಿದ್ದ, ಕಲ್ಕತ್ತೆಯಲ್ಲೇ ಹುಟ್ಟಿ ಬೆಳೆದ ಶ್ರೀಕರನ ಹತ್ತಿರ ಇದ್ದದ್ದು ಓಡುತ್ತಿತ್ತು.

ಶನಿವಾರ ಮಧ್ಯಾಹ್ನ ಅವಳು ಕಸ್ಬಾದ ಅವನ ಫ್ಲ್ಯಾಟಿಗೆ ಬಂದಳು. ಧಾರವಾಡದವಳು, ಇಲ್ಲಿ ಪಿಎಚ್‌ಡಿ. ಅರವತ್ತರ ದಶಕದ ಕಲ್ಕತ್ತೆಯವರು ಇಂಗ್ಲಿಷ್ ಹಾಡುಗಳನ್ನು ಹೇಗೆ ಕೇಳುತ್ತಿದ್ದರು ಎಂಬುದು ಅವಳ ವಿಷಯ. ಬಟ್ಟೆಯ ಚೀಲದಿಂದ ತಟ್ಟೆಯಷ್ಟು ಅಗಲದ ಎರಡು ರೆಕಾರ್ಡು ತೆಗೆದಳು.

"ಈ ಬ್ಯಾಂಡ್ ಗೊತ್ತೇನು? ನಮ್ಮ ಹಾಸ್ಟೆಲ್‌ನ್ಯಾಗ ಅರ್ಧ ಮಂದಿ ಇದರ ಟೀ ಶರ್ಟ್ ಹಾಕ್ಕೋತಾರ. ಹಾಡು ಮಾತ್ರ ಒಂದೂ ಕೇಳಿಲ್ಲ."

"ಗೊತ್ತು. ಬಟ್ ಇದು ತುಂಬ ಮೊದಲಿಂದು ಅಲ್ವಾ?"

ಹೌದು, ತೀರ ಮೊದಲಿನವು. ಮುಂದೆ ಆ ಬ್ಯಾಂಡಿನವರು ಒಂದೊಂದು ಹಾಡನ್ನು ಅರ್ಧ ಗಂಟೆ ಎಳೆದರು, ಗಂಭೀರರಾದರು, ಜಗತ್ಪ್ರಸಿದ್ಧರಾದರು. ಇವು ಅದಕ್ಕೂ ಮುಂಚಿನ ಸಿಂಗಲ್‌ಗಳು, ಕಲ್ಕತ್ತೆಯಲ್ಲೇ ಅಚ್ಚಾದ ಸಣ್ಣ ರೆಕಾರ್ಡುಗಳು. ಮೂರು ನಿಮಿಷದ ಪಾಪ್ ಹಾಡು, ಅದರೊಳಗೆ ಹುಚ್ಚು ಬಣ್ಣ, ಆರ್ಗನ್ನು, ಹಿಂದುಮುಂದಾಗಿ ಓಡುವ ಗಿಟಾರು.

ತೊಡಕೆಂದರೆ ರೆಕಾರ್ಡಿನ ನಡುವಿನ ತೂತು ತೀರ ದೊಡ್ಡದು. ಪಾರ್ಕ್ ಸ್ಟ್ರೀಟಿನ ಯಾವುದೋ ಹೋಟೆಲಿನ, ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸಿಗೆಂದು ನಡುಭಾಗ ಮುರಿದು ತೆಗೆದಿದ್ದರು. ಅವನ ಪ್ಲೇಯರಿನ ಸಣ್ಣ ಮೊಳೆಗೆ ಅದು ಕೂರಬೇಕಾದರೆ ನಡುವೆ ಅಡಾಪ್ಟರ್ ಎಂಬ ಬಿಲ್ಲೆ ಬೇಕು. ಅವನ ಬಳಿ ಅದು ಇರಲಿಲ್ಲ.

"ಹಂಗಾದ್ರ ಆಗಂಗಿಲ್ಲ ಬಿಡು," ಎಂದು ಅವಳು ಚೀಲ ಎತ್ತಿಕೊಂಡಳು. ಹೆಗಲಿಗೆ ಹಾಕಿಕೊಳ್ಳುವಾಗ ಮೂಗಿನ ತುದಿಯ ಬೆವರನ್ನು ಮುಂಗೈಯಿಂದ ಒರೆಸಿಕೊಂಡಳು. ಅವಳು ಹೋಗುವುದು ಶ್ರೀಕರನಿಗೆ ಬೇಡವಾಯಿತು. ಅಷ್ಟೇ ಕಾರಣ.

"ಒಂದ್ನಿಮಿಷ," ಎಂದು ಅಡುಗೆಮನೆಗೆ ಓಡಿ, ರಸಗುಲ್ಲಾ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳ ತಂದು, ಕತ್ತರಿಯಿಂದ ದುಂಡಗೆ ಕತ್ತರಿಸಿ, ನಡುವೆ ಕಣ್ಣಂದಾಜಿನಲ್ಲಿ ಒಂದು ತೂತು ಮಾಡಿದ.

ಹಾಡು ಶುರುವಾಯಿತು. ಶುರುವಾದದ್ದೇ ಬಳುಕಿತು. ಸ್ವರ ಮೆಲ್ಲಗೆ ಏರಿ, ಇಳಿದು, ಮತ್ತೆ ಏರಿತು, ದೋಣಿಯಲ್ಲಿ ಕೂತವನು ಹಾಡಿದಂತೆ.

ಗೌರಿ ಕೈಯೆತ್ತಿ ಅವನನ್ನು ಸುಮ್ಮನಿರಿಸಿದಳು. "ನೆಟ್‌ನ್ಯಾಗ ಹಿಂಗಿಲ್ಲ ಇದು." ಎರಡನೆಯ ರೆಕಾರ್ಡು ಹಾಕಿಸಿದಳು. ಅದೂ ಬಳುಕಿತು. ಅವಳು ತಿರುಗಿ ನೋಡಿದಳು. ಆ ಕಣ್ಣಿನ ಹೊಳಪು ರೆಕಾರ್ಡಿಗೆ ಸೇರಿದ್ದೆಂದು ಅವನಿಗೆ ಗೊತ್ತಿತ್ತು. ಆದರೂ ಮೊದಲನೆಯದನ್ನು ಇನ್ನೊಮ್ಮೆ ಹಾಕಿದ.

ಆಮೇಲೆ ಪ್ರತಿ ಶನಿವಾರ ಬಂದಳು. ಇಂಗ್ಲೆಂಡಿನ ಹಾಡು ಇಲ್ಲಿ ಅಚ್ಚಾಗುವಾಗ ಬೇರೆಯೇ ಆಯಿತು, ಕಲ್ಕತ್ತೆಯವರು ಕೇಳಿದ್ದು ಈ ಬಳುಕುವ ಹಾಡನ್ನೇ ಎಂದು ಇಡೀ ಅಧ್ಯಾಯ ಬರೆದಳು. ಬಾಲಿಗಂಜಿನ ಒಬ್ಬ ಮುದುಕರಿಗೆ ಕೇಳಿಸಿದಾಗ ಅವರು ಕಣ್ಣು ಮುಚ್ಚಿ, "ಹೌದು, ನಮ್ಮ ಕಾಲದಲ್ಲಿ ಹೀಗೇ ಇತ್ತು" ಅಂದರಂತೆ. ಚೆಂದದ ಹುಡುಗಿ ಕೇಳಿದರೆ ಯಾವ ಮುದುಕ ತಾನೇ ಇಲ್ಲ ಅಂದಾನು?

ಶ್ರೀಕರನ ತಾಯಿ ಇಂದುಮತಿ ಮೈಸೂರಿನವರು. ಗಂಡನ ರೈಲ್ವೆ ನೌಕರಿಗೆಂದು ಬಂದು ಇಲ್ಲೇ ಉಳಿದವರು. "ಗೌರಿ, ಬಾಮ್ಮ, ಮೊದಲು ತಿಂಡಿ ತಿನ್ನು. ಆ ಹಾಡು ಕೇಳಿದ್ರೆ ನಂಗೆ ತಲೆ ಸುತ್ತತ್ತೆ," ಅನ್ನುತ್ತಿದ್ದರು.

"ಸುತ್ತಬೇಕು ಅಂತನ ಮಾಡ್ಯಾರ್ರಿ ಅದನ್ನ."

ಗೌರಿ ಗುನುಗುವಾಗ ಬೆರಳು ಗಾಳಿಯಲ್ಲಿ ಅಲೆ ಬರೆಯುತ್ತಿತ್ತು. ಶ್ರೀಕರ ಹಾಡು ಬಿಟ್ಟು ಬೆರಳು ನೋಡುತ್ತಿದ್ದ.

"ಏನ್ ನೋಡಾಕತ್ತಿ?"

"ಏನಿಲ್ಲ. ಟೆಂಪೋ ನೋಡ್ತಿದೀನಿ."

"ಟೆಂಪೋ ಕಿವಿಯಿಂದ ನೋಡ್ತಾರ. ನಿನ್ನ ಕನ್ನಡದಂಗ ನಿನ್ನ ಸುಳ್ಳೂ ಅರ್ಧಾನ ಬರ್ತಾವು."

ಅಧ್ಯಾಯ ಒಪ್ಪಿಗೆಯಾದರೆ ಅವಳ ಫೆಲೋಶಿಪ್ ಇನ್ನೊಂದು ವರ್ಷ ಮುಂದುವರಿಯುತ್ತಿತ್ತು. ಆಗದಿದ್ದರೆ ಹಾಸ್ಟೆಲ್ ಬಿಟ್ಟು ಧಾರವಾಡ. ಕೊಡಲು ಸೋಮವಾರ ಕಡೆಯ ದಿನ.

ಹಿಂದಿನ ಶುಕ್ರವಾರ ಶ್ರೀಕರ ನ್ಯೂ ಟೌನಿನ ಆಫೀಸಿನಿಂದ ಬೇಗ ಹೊರಟು ಫ್ರೀ ಸ್ಕೂಲ್ ಸ್ಟ್ರೀಟಿನ ಹಳೇ ರೆಕಾರ್ಡಿನ ಅಂಗಡಿಗೆ ಹೋದ. ಅವಳಿಗೆ ಕೊಡಲು ಹಳದಿ ಬಣ್ಣದ ನಿಜವಾದ ಅಡಾಪ್ಟರ್ ಕೊಂಡ. ಅದನ್ನು ಅಂಗೈಯಲ್ಲಿಟ್ಟು ಹೇಳಬೇಕಾದದ್ದನ್ನು ಹೇಳಿಬಿಡುವುದೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡ. ಎರಡೂ ರೆಕಾರ್ಡು ಅವನ ಮನೆಯಲ್ಲೇ ಇದ್ದವು. ಶನಿವಾರ ಬೆಳಿಗ್ಗೆ, ಸರಿಯಾಗಿ ಕೂರುತ್ತದೋ ನೋಡೋಣವೆಂದು ಹಾಕಿದ.

ಹಾಡು ನೆಟ್ಟಗೆ ನಿಂತಿತು.

ಹಳೇ ಮುಚ್ಚಳ ಹಾಕಿದ. ಬಳುಕಿತು. ಹಳದಿ ಬಿಲ್ಲೆ ಹಾಕಿದ. ನೆಟ್ಟಗಾಯಿತು. ಇನ್ನೊಂದು ರೆಕಾರ್ಡಿನದೂ ಅದೇ ಕಥೆ. ಅವಸರದಲ್ಲಿ ಅವನು ಕೊರೆದ ತೂತು ನಡುವಿಂದ ಕೂದಲೆಳೆಯಷ್ಟು ಪಕ್ಕಕ್ಕಿತ್ತು; ಅದಕ್ಕೇ ರೆಕಾರ್ಡು ಓಲಾಡುತ್ತ ಸುತ್ತಿ ಸ್ವರ ಏರಿಳಿಯುತ್ತಿತ್ತು. ಇಲ್ಲಿ ಅಚ್ಚಾದ ಹಾಡು ಅಲ್ಲಿನಷ್ಟೇ ನೇರ. ಬಳುಕಿದ್ದು ಕಲ್ಕತ್ತೆಯಲ್ಲ, ಅವನ ಕತ್ತರಿ.

"ಎಷ್ಟು ಸಲ ಹಾಕ್ತೀಯೋ ಅದನ್ನ?" ಅಡುಗೆಮನೆಯಿಂದ ಇಂದುಮತಿ ಕೇಳಿದರು. "ಇವತ್ತು ಪರವಾಗಿಲ್ಲ, ತಲೆ ಸುತ್ತಲಿಲ್ಲ ನಂಗೆ."

ಮಧ್ಯಾಹ್ನ ಗೌರಿ ಬಂದಳು, ಕೈಯಲ್ಲಿ ಇಲ್ಲಿನ ಖಾರ ಮಂಡಕ್ಕಿ, ಝಾಲ್‌ಮುಡಿಯ ಕಾಗದದ ಪೊಟ್ಟಣ. "ನಮ್ಮ ಗಿರ್ಮಿಟ್ ಮುಂದ ಇದೇನೂ ಅಲ್ಲ. ಆದ್ರೂ ಇನ್ನೊಂದ್ ವರ್ಷ ತಿನ್ನಬೇಕಲ್ಲ. ಗೈಡ್ ಓದಿದ್ರು. ಇದೊಂದ ಅಧ್ಯಾಯ ಸಾಕು ಅಂದ್ರು."

ಅವಳು ನೆಲದ ಮೇಲೆ ಕೂತು, ಕಾಲು ಚಾಚಿ, ತಲೆಯೆತ್ತಿ ಅವನನ್ನು ನೋಡಿ ನಕ್ಕಳು. ಹಳದಿ ಬಿಲ್ಲೆ ಅವನ ಜೇಬಿನಲ್ಲಿತ್ತು. ಅಲ್ಲೇ ಇದ್ದರೆ ಒಂದು ವರ್ಷದ ಶನಿವಾರಗಳು ಅವನವು. ತೆಗೆದರೆ ಒಂದೂ ಇಲ್ಲ. ಇದರಲ್ಲಿ ಯೋಚಿಸುವಂಥದ್ದು ಏನಿತ್ತೋ, ಅವನು ಬೆಳಿಗ್ಗೆಯಿಂದ ಯೋಚಿಸಿಯೇ ಇದ್ದ.

"ಗೌರಿ, ಒಂದ್ಸಲ ಕೇಳು."

ಬಿಲ್ಲೆ ಹಾಕಿ ನುಡಿಸಿದ. ಅವಳ ಬೆರಳು ಅಭ್ಯಾಸದಂತೆ ಮೇಲೆದ್ದಿತು. ಅಲೆ ಬರಲಿಲ್ಲ. ಬೆರಳು ಗಾಳಿಯಲ್ಲಿ ಹಾಗೇ ನಿಂತಿತು.

"ಮುಚ್ಚಳ ಹಾಕು," ಅಂದಳು. ಹಾಕಿದ. "ಅದನ್ನ ಹಾಕು." ಹಾಕಿದ. ರೆಕಾರ್ಡಿನ ಕೊನೆಯ ಗೀರಿನಲ್ಲಿ ಮುಳ್ಳು ಕರಕರ ಅನ್ನತೊಡಗಿದಾಗ ಅವಳೇ ಅದನ್ನು ಎತ್ತಿ, ಹಳದಿ ಬಿಲ್ಲೆಯನ್ನು ಬಿಡಿಸಿ ಕೈಗೆ ತೆಗೆದುಕೊಂಡಳು.

"ಯಾಕ ತಂದಿ ಇದನ್ನ?"

"ನಿಂಗೆ. ಗಿಫ್ಟು."

"ಗಿಫ್ಟು," ಎಂದು ಅವಳು ನಗಲು ಹೋದಳು. ನಗು ಬರಲಿಲ್ಲ. "ಸೋಮವಾರದೊಳಗ ಹೊಸಾದು ಬರಿಯಾಕ ಆಗೂದಿಲ್ಲ, ಗೊತ್ತೈತಿಲ್ಲೋ?"

"ಗೊತ್ತು."

"ನೀ ಸುಮ್ಮನಿದ್ದಿದ್ರ ನಾ ಇಲ್ಲೇ ಇರ್ತಿದ್ನಿ."

"ಅದೂ ಗೊತ್ತು. ಅದಕ್ಕೇ ಸುಮ್ನಿರಕ್ಕೆ ಆಗ್ಲಿಲ್ಲ. ನೀನು ಎಲ್ಲೋ ಸ್ಟೇಜ್ ಮೇಲೆ ಇದನ್ನ ಹೇಳ್ತಿರ್ತೀಯ, ಯಾರೋ ಒಬ್ಬ ಎದ್ದು ನಿಂತು ಇದು ತಪ್ಪು ಅಂತಾನೆ. ನಿನ್ನ ಇಲ್ಲಿ ಇಟ್ಕೊಳ್ಳೋಕೆ ನಾನು ಅದನ್ನ... ನಂಗೆ ನೀನು ಬೇಕು ಗೌರಿ. ಆದ್ರೆ ಹಾಗಲ್ಲ, ಅಷ್ಟೇ."

ಬಸ್ಸಿನಲ್ಲಿ ಜೋಡಿಸಿದ್ದ ಒಂದು ಮಾತೂ ಅದರಲ್ಲಿ ಇರಲಿಲ್ಲ.

"ಇವತ್ತ ನಿನ್ನ ಕನ್ನಡ ಸರಿ ಬಂತು ನೋಡು." ಅವಳು ಕಣ್ಣೊರೆಸಿಕೊಂಡಳು. "ಎರಡೂ ಹಾಡು ಮೊದಲನೇ ದಿನಾನ ಫೋನಿನ್ಯಾಗ ರೆಕಾರ್ಡ್ ಮಾಡ್ಕೊಂಡಿದ್ನಿ. ಕೆಲಸ ಅವತ್ತ ಮುಗದಿತ್ತು. ಆಮ್ಯಾಲೆ ನಾ ಯಾಕ ಬರ್ತಿದ್ನಿ ಅಂತ ತಿಳಿದಿದ್ದಿ?"

ಅವನು ಅವಳ ಪಕ್ಕ ನೆಲದ ಮೇಲೆ ಕೂತ.

"ಎಂಥಾ ಶಾಣ್ಯಾ," ಅಂದಳು. ಅವನ ತೋಳಿಗೆ ಹಣೆಯೊತ್ತಿ ಸ್ವಲ್ಪ ಹೊತ್ತು ಹಾಗೇ ಕೂತಳು. ಇಂದುಮತಿ ಚಹಾ ತಂದವರು ಬಾಗಿಲಲ್ಲೇ ನಿಂತು, ಮತ್ತೆ ಅಡುಗೆಮನೆಗೆ ಹೋದರು.

ಅಧ್ಯಾಯವನ್ನು ಅವಳು ಕೊಡಲಿಲ್ಲ. ತಿಂಗಳ ಕೊನೆಗೆ ಹಾಸ್ಟೆಲ್ ಖಾಲಿ ಮಾಡಿದಳು. ಹೌರಾ ಸ್ಟೇಷನ್ನಿಗೆ ಹೋಗುವ ಕ್ಯಾಬು ಅವನ ಗೇಟಿನ ಮುಂದೆ ನಿಂತಾಗ ಅವನು ಎರಡೂ ರೆಕಾರ್ಡು ತಂದುಕೊಟ್ಟ; ಅವಳು ಒಂದನ್ನು ಅವನ ಕೈಗೇ ವಾಪಸು ಕೊಟ್ಟಳು. "ಹಳದೀದು ನೀ ಇಟ್ಕೋ. ನನಗ ಮುಚ್ಚಳ ಕೊಡು."

"ಅದು ತಪ್ಪು ಗೌರಿ. ಮತ್ತೆ ನಿಮ್ಮನೇಲಿ ಪ್ಲೇಯರ್ ಎಲ್ಲಿದೆ?"

"ಇಲ್ಲ. ನೀ ಬರೋವಾಗ ತಗೊಂಡ್ ಬಾ."

"ಯಾವಾಗ?"

ಅದು ಅವಳಿಗೂ ಗೊತ್ತಿರಲಿಲ್ಲ. ಅವನಿಗೆ ಇಲ್ಲಿ ನೌಕರಿ, ತಾಯಿ. ಅವಳಿಗೆ ಅಲ್ಲಿ ಇವರಿಬ್ಬರ ವಿಷಯ ಏನೂ ಗೊತ್ತಿಲ್ಲದ ಮನೆಯವರು. ಡ್ರೈವರ್ ಹಾರ್ನ್ ಹೊಡೆದ. ಶ್ರೀಕರ ಒಳಗೆ ಓಡಿ ಮುಚ್ಚಳ ತಂದು ಅವಳ ಕೈಗಿಟ್ಟ.

ಕ್ಯಾಬು ಹೊರಟಾಗ ಅವಳು ಕಿಟಕಿಯಿಂದ ಕೈ ಹೊರಗಿಟ್ಟು ಗುನುಗುತ್ತಿದ್ದಳು. ಸರಿಯಾದ ಹಾಡು ಯಾವುದೆಂದು ಗೊತ್ತಾದ ಮೇಲೂ ಅವಳ ಸ್ವರ ಅದೇ ಜಾಗದಲ್ಲಿ ಏರಿ, ಇಳಿಯಿತು. ಬೆರಳು ಅಲೆ ಬರೆಯಿತು. ಶ್ರೀಕರ ಗೇಟು ಹಿಡಿದು ನಿಂತಿದ್ದ. ಕ್ಯಾಬು ತಿರುವಿನಲ್ಲಿ ಮರೆಯಾದ ಮೇಲೆ ಅವನ ಬಾಯಿಗೂ ಹಾಡು ಬಂತು, ಬಳುಕುತ್ತಲೇ. ಅವನು ಅದನ್ನು ತಿದ್ದಲಿಲ್ಲ.