ನಡುಪುಟದ ಕತ್ತಲೆ

"ಮಷೀನ್ ನಿಲ್ಸಿ" ಎನ್ನುತ್ತ ಪ್ರೆಸ್ಸಿನೊಳಗೆ ನುಗ್ಗಿದ ಮನುಷ್ಯನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಪ್ಯಾಂಟಿನ ಅಂಚಿನಲ್ಲಿ ಮರಳಿತ್ತು. ತುಟಿಯ ಮೂಲೆಯಲ್ಲಿ ಟೂತ್‌ಪೇಸ್ಟ್ ಇತ್ತು.

ಆ ಮಷೀನು ಹೇಳಿದ ಕೂಡಲೇ ನಿಲ್ಲುವ ಜಾತಿಯದಲ್ಲ. ಪ್ರೆಸ್ಸಿನ ಒಡೆಯ ತನ್ನ ಮದುವೆಯ ಕಾಗದ ಅಚ್ಚು ಹಾಕಲು ಅದನ್ನು ಚಾಲೂ ಮಾಡಿದನಂತೆ. ಅದು ನಿಲ್ಲುವ ಹೊತ್ತಿಗೆ ಮೊದಲ ಮಗುವಿಗೆ ಹಲ್ಲು ಬಂದಿತ್ತಂತೆ. ಇವತ್ತು ಮಾತ್ರ ನಲವತ್ತೇ ಹಾಳೆಗೆ ನಿಂತಿತು. ಬಂದವನ ಮುಖ ಹಾಗಿತ್ತು.

ಸ್ಟೂಲಿನ ಮೇಲೆ ಕೂತು ಬಣ್ಣ ಸರಿಬಂದಿದೆಯೇ ಎಂದು ನೋಡುತ್ತಿದ್ದ ಚಿತ್ರಗಾರ್ತಿ ತಲೆಯೆತ್ತಿದಳು. ಬಂದವನು ಯಾರೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಕಡಲಾಮೆಯ ಮೊಟ್ಟೆ ಕಾಯುವ ಕಾವಲುಗಾರನಲ್ಲದೆ ಇನ್ಯಾರು ಮರಳು ಸಮೇತ ಪ್ರೆಸ್ಸಿಗೆ ಬರುತ್ತಾರೆ?

ಮೂರು ತಿಂಗಳಿಂದ ಇಬ್ಬರ ನಡುವೆ ಪ್ರೂಫ್ ಹಾಳೆಗಳು ಬಸ್ಸಿನಲ್ಲಿ ಓಡಾಡುತ್ತಿದ್ದವು. ಜಗಳವಾಡಿ ಮಾತು ಬಿಟ್ಟ ಇಬ್ಬರು ಗೆಳತಿಯರು ಆಮೆಮರಿಗಳನ್ನು ಉಳಿಸಲು ಮತ್ತೆ ಒಂದಾಗುವ ಮಕ್ಕಳ ಕಾದಂಬರಿ ಅದು. ಚಿತ್ರ ಬರೆಯುವುದು ಅವಳ ಕೆಲಸ, ಆಮೆಯ ವಿಷಯದಲ್ಲಿ ತಪ್ಪು ಹಿಡಿಯುವುದು ಅವನ ಕೆಲಸ. "ಆಮೆಗೆ ಇಷ್ಟು ರೆಪ್ಪೆ ಇರಲ್ಲ" ಎಂದು ಅವನು ಅಂಚಿನಲ್ಲಿ ಬರೆದರೆ, "ನೀವು ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೀರಾ?" ಎಂದು ಇವಳು. "ದಿನಾ" ಎಂದು ಅವನು. ಆ ಎರಡಕ್ಷರವನ್ನು ಇವಳು ಎಷ್ಟು ಸಲ ಓದಿದಳೆಂದರೆ ಹಾಳೆ ಅಲ್ಲಿ ತೆಳ್ಳಗಾಗಿತ್ತು. ಅವನು ಬರುವ ದಿನವನ್ನು ಮನಸ್ಸಿನಲ್ಲಿ ಹತ್ತಾರು ಸಲ ನಡೆಸಿ ನೋಡಿದ್ದಳು. ಎಲ್ಲದರಲ್ಲೂ ಅವನಿಗೆ ಚಪ್ಪಲಿ ಇತ್ತು.

ಅವನು ಅವಳ ಕಡೆ ನೋಡದೆ ನಡುಪುಟದ ಮೇಲೆ ಬೆರಳಿಟ್ಟ. ಎರಡೂ ಪುಟ ತುಂಬಿದ ಚಿತ್ರ. ರಾತ್ರಿಯ ದಡ, ಅಕ್ಕಪಕ್ಕ ನಿಂತ ಗೆಳತಿಯರು, ಅವರ ಕೈಯಲ್ಲಿ ಟಾರ್ಚ್, ಆ ಚಿನ್ನದಂಥ ಬೆಳಕಿನಲ್ಲಿ ಸಾಲು ಸಾಲು ಮರಿಗಳು. ಕಥೆಯಲ್ಲಿ ಟಾರ್ಚ್ ಇರಲಿಲ್ಲ. ಅದು ಇವಳೇ ಸೇರಿಸಿದ್ದು.

"ಮರಿಗಳು ಬೆಳಕು ಕಂಡ ಕಡೆ ಹೋಗ್ತವೆ ಮೇಡಂ. ರಾತ್ರಿ ಹೊತ್ತು ಸಮುದ್ರಾನೇ ಬೆಳ್ಳಗೆ ಕಾಣೋದು, ಅದೇ ಅವಕ್ಕೆ ದಾರಿ. ಟಾರ್ಚ್ ಹಾಕಿದ್ರೆ ತಿರುಗಿ ರಸ್ತೆಗೆ ಬರ್ತವೆ. ಶನಿವಾರ ಈ ಪುಸ್ತಕ ಓದ್ಕೊಂಡು ಮುನ್ನೂರು ಮಕ್ಕಳು ಮರಿ ನೋಡೋಕೆ ದಡಕ್ಕೆ ಬರ್ತಾರೆ. ಎಲ್ಲರ ಕೈಯಲ್ಲೂ ಒಂದೊಂದು ಟಾರ್ಚ್ ಇರುತ್ತೆ."

ಪ್ರೆಸ್ಸಿನ ಒಡೆಯ ಅವಳ ಸೋದರಮಾವ. ಅವನು ಪ್ರೂಫ್ ಹುಡುಕಿ ತಂದು ಮೇಜಿನ ಮೇಲಿಟ್ಟ. ನಡುಪುಟದ ಕೆಳಗೆ "ಸರಿಯಿದೆ" ಎಂದಿತ್ತು, ಕೆಳಗೆ ಇದೇ ಕಾವಲುಗಾರನ ಸಹಿ. ಬೈಂಡಿಂಗಿನವರು ಸಂಜೆಗೆ ಬರುತ್ತಾರೆ, ಎರಡು ಗಂಟೆ ಟೈಮ್ ಕೊಡಬಹುದು, ಅಷ್ಟರಲ್ಲಿ ಬೇರೆ ಚಿತ್ರ ಬರದಿದ್ದರೆ ನಡುಪುಟ ಖಾಲಿ ಹೋಗುತ್ತದೆ ಎಂದ.

ಚಿತ್ರಗಾರ್ತಿಯ ಕಿವಿ ಬಿಸಿಯಾಯಿತು. ಹತ್ತೊಂಬತ್ತು ದಿನ ಊಟ ತಿಂಡಿ ಮರೆತು ಬರೆದ ಚಿತ್ರ. ಹುಟ್ಟಿದಾಗಿನಿಂದ ಬರೆದದ್ದರಲ್ಲಿ ಇದೊಂದು ಪರವಾಗಿಲ್ಲ ಎಂದು ಅವಳಿಗೇ ಅನ್ನಿಸಿದ್ದ ಚಿತ್ರ.

"ತಪ್ಪು ಅಂತ ಗೊತ್ತಿದ್ದೂ ಸೈನ್ ಹಾಕಿದ್ರಾ?"

ಅವನು ಈಗ ಅವಳನ್ನು ನೋಡಿದ. ನೋಡಿದ್ದೇ ತಪ್ಪಾಯಿತು. ಸಿದ್ಧಮಾಡಿಕೊಂಡು ಬಂದಿದ್ದ ಮಾತೆಲ್ಲ ಮರೆತು ನಿಜವೇ ಬಾಯಿಗೆ ಬಂತು.

"ಆ ಚಿತ್ರ ಬಂದ ದಿನ ನಾನು ಆಮೆ ನೋಡ್ಲೇ ಇಲ್ಲ. ಮೂಲೇಲಿ ಪೆನ್ಸಿಲಲ್ಲಿ 'ಇದು ನಿಮಗೆ ಇಷ್ಟ ಆಗಬೇಕು' ಅಂತ ಬರೆದಿದ್ರಿ. ಇಷ್ಟ ಆಯ್ತು. ಸೈನ್ ಹಾಕ್ಬಿಟ್ಟೆ. ಅದರ ಇನ್ನೊಂದು ಪ್ರತಿ ಗೋಡೆಗೆ ಅಂಟಿಸ್ಕೊಂಡಿದೀನಿ. ಬೆಳಿಗ್ಗೆ ಹಲ್ಲುಜ್ಜುತ್ತಾ ನೋಡ್ತಿದ್ದೆ, ಆಗ ಟಾರ್ಚ್ ಕಾಣಿಸ್ತು. ಹಾಗೇ ಬಸ್ ಹತ್ತಿದೆ."

ಮಾವನಿಗೆ ಇದ್ದಕ್ಕಿದ್ದಂತೆ ಆಚೆ ಕೋಣೆಯ ಇಂಕಿನ ಡಬ್ಬಿಗಳ ಯೋಗಕ್ಷೇಮ ನೆನಪಾಯಿತು. ಎದ್ದು ಹೋದ.

ಅವಳು ಬೀರುವಿನಿಂದ ಮೂಲ ಚಿತ್ರ ತೆಗೆದಳು. ದಪ್ಪ ನೀಲಿ ಕಲಸಿದಳು. ಕುಂಚ ಚಿನ್ನದ ಬೆಳಕಿನ ಮೇಲೆ ನಿಂತೇ ನಿಂತಿತು. ಗೋಡೆಯ ಗಡಿಯಾರ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಕೊನೆಗೆ ಕಣ್ಣು ಮುಚ್ಚಿ ಮೊದಲ ಗೆರೆ ಎಳೆದುಬಿಟ್ಟಳು. ಆಮೇಲೆ ಕೈ ನಿಲ್ಲಲಿಲ್ಲ.

"ಅಲ್ಲಿ ಎಷ್ಟು ಕತ್ತಲೆ ಇರುತ್ತೆ, ಹೇಳಿ."

ಅವನು ಪಕ್ಕಕ್ಕೆ ಬಂದು ಬಗ್ಗಿದ. "ಮೊದಲು ಏನೂ ಕಾಣಲ್ಲ. ಹತ್ತು ನಿಮಿಷ ನಿಂತ್ರೆ ಪಕ್ಕದಲ್ಲಿರೋರ ಭುಜ ಕಾಣುತ್ತೆ. ಮುಖ ಕಾಣಲ್ಲ. ಆದ್ರೆ ನಗ್ತಿದಾರೋ ಇಲ್ವೋ ಗೊತ್ತಾಗುತ್ತೆ."

ಅವಳು ಅದನ್ನೇ ಬರೆದಳು. ಟಾರ್ಚುಗಳು ಹೋದವು. ಆ ಕೈಗಳು ಖಾಲಿಯಾದವು. ಖಾಲಿ ಇದ್ದದ್ದರಿಂದ ಒಂದನ್ನೊಂದು ಹಿಡಿದುಕೊಂಡವು. ದೂರದಲ್ಲಿ ನೊರೆಯ ಒಂದು ಬಿಳಿ ಎಳೆ. ಅಷ್ಟೇ. ಅವನ ಉಸಿರು ಅವಳ ಕಿವಿಯ ಹತ್ತಿರವೇ ಇತ್ತು. ಅವಳು ಸರಿಯಲಿಲ್ಲ, ಅವನೂ ಸರಿಯಲಿಲ್ಲ.

ಇನ್ನು ಐದು ನಿಮಿಷ ಎಂದು ಮಾವ ಒಳಗಿನಿಂದಲೇ ಕೂಗಿದ.

"ನೋಡಿ" ಎಂದಳು ಅವಳು. "ಇಷ್ಟ ಆಯ್ತಾ ಅಂತ ಕೇಳ್ತಿಲ್ಲ."

ಅವನು ನೋಡಿದ. ಒಂದು ನಿಮಿಷವಾಯಿತು, ಎರಡಾಯಿತು. ಅವಳ ಬೆರಳಿನ ನೀಲಿ ಒಣಗತೊಡಗಿತು.

"ಇಷ್ಟ ಆಯ್ತು. ಆದ್ರೆ ತಪ್ಪಿದೆ. ಈ ಮೂಲೆ ಮರಿ ಇನ್ನೂ ಮಕ್ಕಳ ಕಡೆಗೇ ಬರ್ತಿದೆ."

ಅವಳು ಆ ಮರಿಯನ್ನು ಅಳಿಸಿ, ಮೂತಿಯನ್ನು ನೊರೆಯ ಕಡೆಗೆ ತಿರುಗಿಸಿದಳು. ಅವನು ಮತ್ತೊಮ್ಮೆ ಮರಿಗಳನ್ನೆಲ್ಲ ಒಂದೊಂದಾಗಿ ನೋಡಿ, ಆಮೇಲೆ ಸಹಿ ಹಾಕಿದ. ಮಾವ ಚಿತ್ರವನ್ನು ಅಂಗೈಗಳ ಮೇಲಿಟ್ಟುಕೊಂಡು ಅಚ್ಚಿನ ಪ್ಲೇಟ್ ಮಾಡಲು ಹೋದ.

ಇಬ್ಬರೇ ಉಳಿದರು. ಅವಳು ಕೈಯ ನೀಲಿ ಒರೆಸಲು ಬಟ್ಟೆಚೂರು ಹುಡುಕಿದಳು. ಅವನು ಆ ಕೈಯನ್ನು, ನೀಲಿಯ ಸಮೇತ, ಮೆಲ್ಲಗೆ ಹಿಡಿದುಕೊಂಡ.

"ಇನ್ಮೇಲೆ ನನ್ನ ತಪ್ಪನ್ನ ಮುಖ ನೋಡಿ ಹೇಳ್ಬೇಕು" ಎಂದಳು. "ಬಸ್ಸಲ್ಲಿ ಕಳಿಸೋದೆಲ್ಲ ಬೇಡ."

"ಎಲ್ಲಿವರೆಗೆ?"

"ಹಲ್ಲು ಉದುರೋವರೆಗೆ."

ಅವನು ಗಂಭೀರವಾಗಿ ಯೋಚಿಸಿದ. ಆಮೆಗಳ ವಿಷಯದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ತನ್ನ ವಿಷಯದಲ್ಲಿ ಹೇಗೆ ಹೇಳಿಯಾನು?

"ಎರಡು ಆಗ್ಲೇ ಉದುರಿವೆ" ಎಂದ.

"ಉಳಿದಿರೋದು ಸಾಕು" ಎಂದಳು ಅವಳು.